ಅವ್ವನಿಗೆ ಟೆನಿಸ್ ಎಲ್ಬೊ

ಕಳೆದ ವರ್ಷ ಭತ್ತದ ಸುಗ್ಗಿ ಮುಗಿದ ವಾರ. ಬೆಳಿಗ್ಗೆ ಏಳು ಗಂಟೆ ಇರಬಹುದು. ಬಸ್ಸಿಗೆ ಲೇಟ್ ಆಯ್ತು ಅಂತ ನಾನು ಶೂ ಲೇಸ್ ಕಟ್ಟುತ್ತಾ ಕೂತಿದ್ದೆ. ಒಳಗೆ ಢಣ್ ಅಂತ ಸದ್ದಾಯ್ತು. ಹೋಗಿ ನೋಡಿದರೆ ಅಡುಗೆಮನೆ ತುಂಬಾ ಹಾಲು. ಅವ್ವ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

“ಗಟ್ಟಿ ಹಿಡದಿದ್ನೋ. ಹಿಡದದ್ದು ಹಂಗ ಕೈ ಬಿಟ್ಟಬಿಡ್ತು” ಅಂದಳು.

ಆ ಪಾತ್ರೆಯಲ್ಲಿ ಇದ್ದದ್ದು ಎರಡು ಲೀಟರ್ ಹಾಲು. ಅದಕ್ಕಿಂತ ಹತ್ತು ಪಟ್ಟು ಭಾರದ ಹುಲ್ಲಿನ ಹೊರೆ ಹೊರುವ ಹೆಂಗಸು ಅವಳು. ನಾನು “ಜಾರಿರಬೇಕು ತಗೋ” ಅಂತ ಹೇಳಿ ದೇಸೂರ ಕ್ರಾಸಿಗೆ ಓಡಿದೆ. ಆ ದಿನ ಪೂರ್ತಿ ಈ ವಿಷಯ ನನಗೆ ನೆನಪೂ ಆಗಲಿಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ. ಮುಂದೆ ಎಲ್ಲಾದರೂ ನಾನು ತಾಯಿಯ ಸೇವೆ ಮಾಡಿದ ಮಗನ ಥರ ಕಂಡರೆ ನಂಬಬೇಡಿ.

ಹದಿನೈದು ದಿನದಲ್ಲಿ ಒಂದೊಂದೇ ಕೆಲಸ ಅವಳ ಕೈ ಬಿಡುತ್ತಾ ಹೋಯಿತು. ಬೀಗದ ಕೈ ತಿರುಗಿಸೋಕೆ ಆಗ್ತಿರಲಿಲ್ಲ. ಒಗೆದ ಬಟ್ಟೆ ಹಿಂಡೋಕೆ ಆಗ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಮಧ್ಯ ನಿಲ್ಲಿಸಿ ಕೈ ಜಾಡಿಸುತ್ತಿದ್ದಳು. ಎಮ್ಮೆ ಹಿಂಡುವಾಗಂತೂ ಹಲ್ಲು ಕಚ್ಚಿಕೊಂಡೇ ಕೂರುತ್ತಿದ್ದಳು. ಮೊಣಕೈಯ ಹೊರಬದಿಯಲ್ಲಿ ಎಲುಬು ಉಬ್ಬಿಕೊಂಡಿರುತ್ತಲ್ಲ, ಅಲ್ಲಿ ಬೆರಳಿಟ್ಟರೆ ಸಾಕು, “ಅಯ್ಯಯ್ಯ” ಅನ್ನುತ್ತಿದ್ದಳು. ಪಕ್ಕದ ಮನೆಯ ಕಾಕು ಮರಾಠಿಯಲ್ಲಿ ಒಂದು ಔಷಧಿ ಹೇಳಿದರು, ಎದುರುಮನೆಯ ಅಜ್ಜಿ ಕನ್ನಡದಲ್ಲಿ ಇನ್ನೊಂದು ಹೇಳಿದಳು. ಔಡಲೆಣ್ಣೆ ತಿಕ್ಕಿದ್ದಾಯ್ತು, ಲಕ್ಕಿ ಸೊಪ್ಪು ಬಿಸಿ ಮಾಡಿ ಕಟ್ಟಿದ್ದಾಯ್ತು, ಬಿಸಿ ಉಪ್ಪಿನ ಗಂಟಿನಿಂದ ಶಾಖ ಕೊಟ್ಟಿದ್ದಾಯ್ತು. ಆ ಹೊತ್ತಿಗೆ ಹಿತ ಅನಿಸುತ್ತಿತ್ತು. ಬೆಳಿಗ್ಗೆ ಮತ್ತೆ ಅಷ್ಟೇ.

ಕೊನೆಗೆ ಬೆಳಗಾವಿಗೆ ಕರೆದುಕೊಂಡು ಹೋದೆವು. ಡಾಕ್ಟರು ಎರಡು ನಿಮಿಷ ನೋಡಿ, ಕೈ ಚಾಚಿ ಮುಷ್ಟಿಯನ್ನು ಮೇಲಕ್ಕೆ ಎತ್ತಲು ಹೇಳಿ, ಅದನ್ನು ಕೆಳಕ್ಕೆ ಒತ್ತಿದರು. ಅವ್ವ ಚೀರಿದಳು. “ಟೆನಿಸ್ ಎಲ್ಬೊ” ಅಂದರು ಡಾಕ್ಟರು.

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆವು. ಅಪ್ಪ ಉದ್ಯಮಬಾಗದಲ್ಲಿ ಮಷಿನ್ ಶಾಪ್ ಕೆಲಸಗಾರ. “ಟೆನಿಸ್? ನಮ್ಮೂರಾಗ ಆ ಆಟ ಎಲ್ಲಿ ಐತಿ?” ಅಂದ. ತಂಗಿ “ನಾವೆಲ್ಲಾ ಮಲಗಿದ ಮ್ಯಾಲೆ ಅವ್ವ ಎಮ್ಮಿ ಜೋಡಿ ಆಡ್ತಾಳ” ಅಂದಳು. ಎಲ್ಲರೂ ನಕ್ಕೆವು. ಅವ್ವನೂ ನಕ್ಕಳು. ನಕ್ಕು ಎಡಗೈಯಲ್ಲಿ ಸಾರು ಬಡಿಸಿದಳು.

ಆಮೇಲೆ ನಾನು ಈ ಹೆಸರಿನ ಕಥೆ ಓದಿದೆ. ಈ ನೋವನ್ನು 1873ರಲ್ಲಿ ಮೊದಲು ವಿವರಿಸಿದ್ದು ರುಂಗೆ ಎಂಬ ಜರ್ಮನ್ ವೈದ್ಯ. ಅವನು ಬರೆಯುತ್ತಿದ್ದದ್ದು ಟೆನಿಸ್ ಬಗ್ಗೆ ಅಲ್ಲ, ಬರೆದು ಬರೆದು ಕೈ ಹಿಡಿದುಕೊಂಡವರ ಬಗ್ಗೆ! (ಸಬ್ಮಿಷನ್ ಹಿಂದಿನ ರಾತ್ರಿ ರೆಕಾರ್ಡ್ ಬರೆಯುವ ಗೆಳೆಯರು ಗಮನಿಸಬೇಕು.) ಹತ್ತು ವರ್ಷದೊಳಗೆ, 1882ರಲ್ಲಿ, ಹೆನ್ರಿ ಮಾರಿಸ್ ಎಂಬ ಇಂಗ್ಲಿಷ್ ವೈದ್ಯ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನು ‘ಲಾನ್ ಟೆನಿಸ್ ಆರ್ಮ್’ ಅಂತ ಕರೆದ. ಆಗ ಇಂಗ್ಲೆಂಡಿನಲ್ಲಿ ಲಾನ್ ಟೆನಿಸ್ ಹೊಸ ಫ್ಯಾಶನ್. ಹೆಸರು ಅಂಟಿಕೊಂಡುಬಿಟ್ಟಿತು. ಆದರೆ ಇವತ್ತಿಗೂ ಈ ನೋವು ಬರುವವರಲ್ಲಿ ಟೆನಿಸ್ ಆಡುವವರು ಕಡಿಮೆ, ಕೈಯಿಂದ ದುಡಿಯುವವರೇ ಹೆಚ್ಚು. ಸ್ಪ್ಯಾನರ್ ತಿರುಗಿಸುವವರು, ಬಣ್ಣ ಬಳಿಯುವವರು, ಬಡಗಿಗಳು, ಅಡುಗೆ ಮಾಡುವವರು, ಹಾಲು ಹಿಂಡುವವರು. ವಯಸ್ಸು ಸಾಮಾನ್ಯವಾಗಿ ಮೂವತ್ತೈದರಿಂದ ಐವತ್ತೈದು. ಅವ್ವನಿಗೆ ನಲವತ್ತೆರಡು. ಅಂದರೆ ಅವಳದ್ದು ವಿಚಿತ್ರ ಕೇಸ್ ಅಲ್ಲವೇ ಅಲ್ಲ. ವಿಚಿತ್ರ ಇರೋದು ಹೆಸರು ಮಾತ್ರ.

ನಮ್ಮ ದೇಶದಲ್ಲಿ ಈ ಹೆಸರನ್ನು ಮನೆಮನೆಗೆ ತಲುಪಿಸಿದ್ದು ಸಚಿನ್ ತೆಂಡೂಲ್ಕರ್ ಮೊಣಕೈ. 2004ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ನಮ್ಮ ಬೆಂಗಳೂರಿನಲ್ಲಿ ಟೆಸ್ಟ್ ನಡೆದಾಗ ಸಚಿನ್ ಆಡಲಿಲ್ಲ. ಚೆನ್ನೈಯಲ್ಲೂ ಆಡಲಿಲ್ಲ. ಕಾರಣ ಟೆನಿಸ್ ಎಲ್ಬೊ. ಮರುವರ್ಷ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಆಪರೇಷನ್ ಆಯಿತು. ನಾನು ಆಗಿನ್ನೂ ಹುಟ್ಟಿರಲಿಲ್ಲ, ಈ ಕಥೆ ಹೇಳಿದ್ದು ಅಪ್ಪ. ಅದಕ್ಕೇ ಅವನಿಗೆ ಒಂದೇ ಹೆದರಿಕೆ: “ಸಚಿನ್‌ಗೆ ಆಪರೇಶನ್ ಮಾಡಿದ್ರು. ಇಕಿಗೂ ಮಾಡಬೇಕಾಗ್ತೈತೇನು?”

ಆಪರೇಷನ್ ಬೇಕಾಗುವವರು ತುಂಬಾ ಕಡಿಮೆ. ಹೆಚ್ಚಿನ ಜನರಿಗೆ ಕೊಯ್ಯದೆ, ಚುಚ್ಚದೆ, ಒಂದು ವರ್ಷದೊಳಗೆ ವಾಸಿಯಾಗುತ್ತೆ. ಇದು ನಮಗೆ ಗೊತ್ತಾಗಿದ್ದು ತಡವಾಗಿ. ಅದಕ್ಕೆ ಮೊದಲು ನಾವು ಚುಚ್ಚಿಸಿದ್ದೆವು.

ಡಾಕ್ಟರು ಮೊದಲ ದಿನವೇ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರು. ಎರಡು ದಿನ ನೋವು ಹೆಚ್ಚಾಯಿತು, ಮೂರನೇ ದಿನ ಮಾಯ. ಮಾಯ ಅಂದರೆ ನಿಜವಾಗಲೂ ಮಾಯ. ಅವ್ವ ಬಾವಿಯಿಂದ ಎರಡು ಕೊಡ ನೀರು ಸೇದಿ ತೋರಿಸಿದಳು. ಮನೆಯಲ್ಲಿ ಎಲ್ಲರಿಗೂ ಖುಷಿ. ಆ ಖುಷಿಯಲ್ಲಿ ನಾವೆಲ್ಲ ಏನು ಮಾಡಿದೆವು ಗೊತ್ತಾ? ಏನೂ ಮಾಡಲಿಲ್ಲ. ಅವಳ ಕೆಲಸ ಅವಳಿಗೆ ವಾಪಸ್ ಕೊಟ್ಟೆವು. ಎರಡು ಎಮ್ಮೆ, ಐದು ಜನರ ಬಟ್ಟೆ (ಅಜ್ಜನದೂ ಸೇರಿ), ಮೂರು ಹೊತ್ತಿನ ರೊಟ್ಟಿ. ಎರಡು ವಾರ ಅವಳು ಎಡಗೈಯಲ್ಲಿ ತಳ್ಳಿದ್ದ ಕೆಲಸ ಎಲ್ಲಾ ಬಲಗೈಗೆ ಬಂತು.

ಫೆಬ್ರವರಿ ಕೊನೆಗೆ ನೋವು ಮರಳಿ ಬಂತು. ಈ ಸಲ ಇನ್ನೂ ಜೋರಾಗಿ. ಬಾಗಿಲ ಚಿಲಕ ಸರಿಸಲೂ ಆಗ್ತಿರಲಿಲ್ಲ. “ಇನ್ನೊಂದು ಇಂಜೆಕ್ಷನ್ ತಗೊಂಡ ಬರೂಣ” ಅಂದ ಅಪ್ಪ.

ಆ ರಾತ್ರಿ ನಾನು ಮೊಬೈಲ್‌ನಲ್ಲಿ ಹುಡುಕುತ್ತಾ ಕೂತೆ. ಮೆಡಿಕಲ್ ಇಂಗ್ಲಿಷ್ ಅರ್ಧ ಅರ್ಥ ಆಗಲಿಲ್ಲ, ಆದರೆ ಟೇಬಲ್, ಗ್ರಾಫ್ ಅರ್ಥ ಆಗುತ್ತವಲ್ಲ. 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಆಸ್ಟ್ರೇಲಿಯಾದ ಅಧ್ಯಯನ ಸಿಕ್ಕಿತು. 198 ಜನ. ಮೂರು ಗುಂಪು. ಒಂದಕ್ಕೆ ಸ್ಟೆರಾಯ್ಡ್ ಇಂಜೆಕ್ಷನ್, ಒಂದಕ್ಕೆ ಫಿಸಿಯೋಥೆರಪಿ, ಒಂದಕ್ಕೆ ‘ಕಾದು ನೋಡಿ’ ಅನ್ನುವ ಸಲಹೆ. ಆರನೇ ವಾರದಲ್ಲಿ ಇಂಜೆಕ್ಷನ್ ಗುಂಪು ಎಲ್ಲರಿಗಿಂತ ಮುಂದೆ: 78 ಪರ್ಸೆಂಟ್ ಜನರಿಗೆ ಗುಣ. ಕಾದವರಲ್ಲಿ ಬರೀ 27 ಪರ್ಸೆಂಟ್. ಇಲ್ಲಿಗೆ ಓದಿ ನಿಲ್ಲಿಸಿದ್ದರೆ ಇಂಜೆಕ್ಷನ್ನೇ ಸರಿ ಅನಿಸ್ತಿತ್ತು. ಮುಂದೆ ಇತ್ತು: ಹಾಗೆ ಗುಣವಾದವರಲ್ಲಿ 72 ಪರ್ಸೆಂಟ್ ಜನರಿಗೆ ನೋವು ತಿರುಗಿ ಬಂದಿತ್ತು. ಒಂದು ವರ್ಷದ ಹೊತ್ತಿಗೆ ಫಿಸಿಯೋಥೆರಪಿ ಮಾಡಿದವರೂ, ಏನೂ ಮಾಡದೆ ಕಾದವರೂ ಇಂಜೆಕ್ಷನ್ ತಗೊಂಡವರಿಗಿಂತ ಚೆನ್ನಾಗಿದ್ದರು.

ಡಾಕ್ಟರು ಮೋಸ ಮಾಡಿದರು ಅಂತ ನಾನು ಹೇಳ್ತಿಲ್ಲ. ನಾವು ಹೋಗಿ ಕೇಳಿದ್ದೇ “ಲಗೂನ ಕಡಿಮಿ ಆಗಬೇಕ್ರಿ” ಅಂತ. ಲಗೂನೇ ಕಡಿಮೆ ಆಯಿತು.

ಮಾರ್ಚ್‌ನಲ್ಲಿ ಅವ್ವನನ್ನು ಟಿಳಕವಾಡಿಯ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಿನಲ್ಲಿ ನನಗಿಂತ ಏಳೆಂಟು ವರ್ಷ ದೊಡ್ಡವರು ಇರಬಹುದು. ಮಷಿನ್ ಹಚ್ಚುತ್ತಾರೆ ಅಂದುಕೊಂಡಿದ್ದೆವು. ಅವರು ಮೊದಲು ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದರು. ಬೆಳಿಗ್ಗೆ ಎಷ್ಟಕ್ಕೆ ಏಳ್ತೀರಿ? ಎದ್ದು ಏನು ಹಿಡೀತೀರಿ? ನೀರು ಎಲ್ಲಿಂದ? ಬಟ್ಟೆ ಯಾರದು? ಕತ್ತು ನೋಯುತ್ತಾ, ಬೆರಳು ಜುಮ್ಮೆನ್ನುತ್ತಾ? (ಕತ್ತಿನ ನರ ಒತ್ತಿದರೂ ಮೊಣಕೈ ನೋಯಬಹುದಂತೆ. ಅದಕ್ಕೆ ಕೇಳೋದು.) ಕೊನೆಗೆ ಕೇಳಿದರು:

“ಮಾವಶಿ, ಹಾಲ ಯಾರ ಹಿಂಡ್ತಾರ್ರಿ?”

“ನಾನ ಹಿಂಡ್ತೇನ್ರಿ. ಬ್ಯಾರೆ ಯಾರು ಹಿಂಡ್ತಾರ?”

“ವ್ಯಾಯಾಮ ನಾ ಹೇಳಿಕೊಡ್ತೇನ್ರಿ. ಆದ್ರ ದಿನಾ ಎರಡ ಹೊತ್ತು ನೀವ ಹಾಲ ಹಿಂಡಿದ್ರ ಹೊಳ್ಯಾಗ ಹುಣಸಿಹಣ್ಣ ತೊಳದಂಗ ಆಗ್ತೈತಿ.”

ಅಷ್ಟು ಹೇಳಿ ಅವರು ನೋಡಿದ್ದು ಅವ್ವನ ಕಡೆ ಅಲ್ಲ, ನನ್ನ ಕಡೆ.

ಇಲ್ಲಿ ಸ್ವಲ್ಪ ಮೆಕ್ಯಾನಿಕ್ಸ್. ಬೇಜಾರಾದರೂ ಓದಿ, ಸೆಮಿಸ್ಟರ್ ಎಕ್ಸಾಮಿಗೆ ಬರಲ್ಲ.

ಈಗಲೇ ಎಡಗೈಯನ್ನು ಬಲ ಮೊಣಕೈಗಿಂತ ಸ್ವಲ್ಪ ಕೆಳಗೆ, ಕೈಯ ಹೊರಬದಿಯ ಮಾಂಸದ ಮೇಲೆ ಇಡಿ. ಬಲಗೈ ಮುಷ್ಟಿ ಬಿಗಿ ಹಿಡಿಯಿರಿ. ಎಡಗೈ ಕೆಳಗೆ ಗಟ್ಟಿಯಾಯಿತಲ್ಲ? ವಿಚಿತ್ರ ನೋಡಿ. ಬೆರಳು ಮಡಚುವ ಸ್ನಾಯುಗಳು ಇರೋದು ಕೈಯ ಒಳಬದಿಗೆ. ಹೊರಬದಿಯವು ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುಗಳು. ಹಾಗಾದರೆ ಮುಷ್ಟಿ ಹಿಡಿದಾಗ ಅವಕ್ಕೇನು ಕೆಲಸ? ಬೆರಳು ಜೋರಾಗಿ ಮಡಚಿದರೆ ಮಣಿಕಟ್ಟೂ ಒಳಕ್ಕೆ ಮಡಚಿಕೊಳ್ಳುತ್ತೆ, ಆಗ ಹಿಡಿತ ಸಡಿಲ. ಅದು ಆಗದಂತೆ ಹೊರಬದಿಯ ಸ್ನಾಯು ಹಿಂದಿನಿಂದ ಎಳೆದು ಹಿಡಿಯುತ್ತೆ. ಡೇರೆಗೆ ಎರಡೂ ಕಡೆ ಹಗ್ಗ ಕಟ್ಟಿದ ಹಾಗೆ. ಈ ಹೊರಬದಿಯ ಸ್ನಾಯುಗಳೆಲ್ಲ ಹೋಗಿ ಕಟ್ಟಿಕೊಂಡಿರುವುದು ಮೊಣಕೈಯ ಆ ಉಬ್ಬಿದ ಎಲುಬಿನ ಚಿಕ್ಕ ಜಾಗಕ್ಕೆ. ಅದರಲ್ಲಿ ಹೆಚ್ಚಾಗಿ ಕೆಡುವ ಒಂದಕ್ಕೆ ಎಕ್ಸ್‌ಟೆನ್ಸರ್ ಕಾರ್ಪಿ ರೇಡಿಯಾಲಿಸ್ ಬ್ರೆವಿಸ್ ಅಂತ ಹೆಸರು. ಆ ಹೆಸರು ಮರೆತರೂ ಪರವಾಗಿಲ್ಲ. ನೆನಪಿಡಬೇಕಾದದ್ದು: ನೀವು ಏನನ್ನೇ ಗಟ್ಟಿಯಾಗಿ ಹಿಡಿಯಿರಿ, ಅಲ್ಲಿ ಎಳೆತ ಬೀಳುತ್ತೆ.

ಎಷ್ಟು ಎಳೆತ? ಅಂಗೈ ಕೆಳಗೆ ಮಾಡಿ ಎರಡು ಕಿಲೋ ಪಾತ್ರೆ ಎತ್ತಿದೆವು ಅಂದುಕೊಳ್ಳಿ, ಸುಮಾರು 20 ನ್ಯೂಟನ್. ಪಾತ್ರೆಯ ಭಾರ ಮಣಿಕಟ್ಟಿನ ಕೀಲಿನಿಂದ ಅಂದಾಜು 8 ಸೆಂಟಿಮೀಟರ್ ದೂರ. ಅದನ್ನು ತಡೆಯುವ ಸ್ನಾಯುರಜ್ಜು, ಅಂದರೆ ಟೆಂಡನ್, ಕೀಲಿನಿಂದ ಒಂದೂವರೆ ಎರಡು ಸೆಂಟಿಮೀಟರ್ ಅಷ್ಟೇ ದೂರ. ಮೊಮೆಂಟ್ ಲೆಕ್ಕ ಹಾಕಿ: 80ರಿಂದ 100 ನ್ಯೂಟನ್. ಎರಡು ಕಿಲೋ ಪಾತ್ರೆಗೆ ಟೆಂಡನ್ ಮೇಲೆ ಎಂಟು ಹತ್ತು ಕಿಲೋ ಎಳೆತ. ಅದೇ ಪಾತ್ರೆಯನ್ನು ಅಂಗೈ ಮೇಲೆ ಮಾಡಿ, ಮೊಣಕೈ ಮಡಚಿ, ಮೈಗೆ ಹತ್ತಿರ ಹಿಡಿದು ಎತ್ತಿದರೆ ಭಾರ ಬೇರೆ ಸ್ನಾಯುಗಳಿಗೆ ಹೋಗುತ್ತೆ. ಅವ್ವನ ಕೈಯಿಂದ ಹಾಲು ಯಾಕೆ ಬಿತ್ತು ಅನ್ನೋದು ಆ ದಿನ ನನಗೆ ತಿಳಿಯಿತು.

ಇನ್ನು ಹಾಲು ಹಿಂಡೋದು. ಒಂದು ದಿನ ಕೂತು ಎಣಿಸಿದೆ. ಒಂದು ಕೈ ನಿಮಿಷಕ್ಕೆ 40 ಸಲ ಹಿಂಡುತ್ತೆ. ಒಂದು ಎಮ್ಮೆಗೆ 8 ನಿಮಿಷ. ಎರಡು ಎಮ್ಮೆ, ಎರಡು ಹೊತ್ತು. ದಿನಕ್ಕೆ 1,280 ಸಲ. ಎಮ್ಮೆ ಹಾಲು ಕೊಡುವ ಎಂಟು ತಿಂಗಳಲ್ಲಿ ಮೂರು ಲಕ್ಷ ದಾಟುತ್ತೆ. ಮೂರು ನಾಲ್ಕು ವರ್ಷಕ್ಕೆ ಹತ್ತು ಲಕ್ಷ. ಮಟೀರಿಯಲ್ಸ್ ಪೇಪರಿನಲ್ಲಿ ಫಟೀಗ್ ಗ್ರಾಫ್ ಬರೆಯುತ್ತೇವಲ್ಲ, ಉಕ್ಕಿನ ಗೆರೆ ಚಪ್ಪಟೆಯಾಗುವುದು ಸುಮಾರು ಆ ಹತ್ತು ಲಕ್ಷದ ಹತ್ತಿರವೇ. ಅವ್ವ ಈ ಕೆಲಸ ಮಾಡ್ತಿರೋದು ಇಪ್ಪತ್ತು ವರ್ಷದಿಂದ. ನಾನು ಆ ಗ್ರಾಫನ್ನು ಇಂಟರ್ನಲ್ಸ್‌ನಲ್ಲಿ ಬರೆದು ಒಳ್ಳೆ ಮಾರ್ಕ್ಸ್ ತಗೊಂಡಿದ್ದೆ. ನಮ್ಮ ಕೊಟ್ಟಿಗೆಯಲ್ಲೇ ಅದರ ಪ್ರಯೋಗ ನಡೀತಿದೆ ಅಂತ ಹೊಳೆದಿರಲಿಲ್ಲ.

ಉಕ್ಕಿಗೂ ಟೆಂಡನ್ನಿಗೂ ಒಂದು ವ್ಯತ್ಯಾಸ ಇದೆ. ಉಕ್ಕಿನಲ್ಲಿ ಬಿದ್ದ ಬಿರುಕು ತಾನಾಗಿ ಮುಚ್ಚೋದಿಲ್ಲ. ಟೆಂಡನ್ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತೆ. ಆದರೆ ಅಲ್ಲಿಗೆ ರಕ್ತ ಹೋಗುವುದು ಕಡಿಮೆ, ಆದ್ದರಿಂದ ತುಂಬಾ ನಿಧಾನ. ರಿಪೇರಿಗಿಂತ ಸವೆತ ಜಾಸ್ತಿಯಾದರೆ ಎಳೆಗಳು ಅಸ್ತವ್ಯಸ್ತವಾಗಿ ಬೆಳೆಯುತ್ತವೆ. ಬಹಳ ವರ್ಷ ಇದನ್ನು ಉರಿಯೂತ ಅಂದುಕೊಂಡಿದ್ದರು. 1979ರಲ್ಲಿ ನಿರ್ಶಲ್ ಎಂಬ ಅಮೆರಿಕದ ಸರ್ಜನ್, ಆಪರೇಷನ್‌ನಲ್ಲಿ ತೆಗೆದ ಟೆಂಡನ್ ನೋಡಿ, ಇಲ್ಲಿ ಉರಿಯೂತಕ್ಕಿಂತ ಸವೆತವೇ ಕಾಣುತ್ತಿದೆ ಎಂದು ಬರೆದ. ಹಾಗಾಗಿ ಮದ್ದು ಹಾಕಿ ನೋವನ್ನು ಮಲಗಿಸಿದರೆ ಸವೆದದ್ದು ಸರಿಯಾಗಲ್ಲ. ಕೈ ಕಟ್ಟಿ ಕೂತರೂ ಆಗಲ್ಲ, ಎಳೆತವೇ ಇಲ್ಲದ ಟೆಂಡನ್ ಇನ್ನೂ ಬಲ ಕಳೆದುಕೊಳ್ಳುತ್ತೆ. ಅದಕ್ಕೆ ಬೇಕಾಗಿರೋದು ಅಳತೆಯ ಭಾರ, ಸ್ವಲ್ಪ ಸ್ವಲ್ಪ ಹೆಚ್ಚಾಗುವ ಭಾರ.

ಅವ್ವನಿಗೆ ಹೇಳಿಕೊಟ್ಟ ವ್ಯಾಯಾಮ ಇದು. ಮುಂಗೈಯನ್ನು ಟೇಬಲ್ ಮೇಲೆ ಇಟ್ಟು, ಅಂಗೈ ಕೆಳಗೆ ಮಾಡಿ, ಹಸ್ತ ಮಾತ್ರ ಟೇಬಲ್ಲಿನ ಅಂಚಿನಿಂದ ಹೊರಗೆ. ಮೊದಲ ಎರಡು ವಾರ ಬರೀ ಅಲುಗಾಡಿಸದೆ ಹಿಡಿಯೋದು: ಎಡಗೈ ಕೆಳಕ್ಕೆ ಒತ್ತುತ್ತೆ, ಬಲಗೈ ಬಗ್ಗಬಾರದು, ಅರ್ಧ ನಿಮಿಷ, ಐದು ಸಲ. ಆಮೇಲೆ ಅರ್ಧ ಲೀಟರ್ ನೀರಿನ ಬಾಟಲಿ. ಎಡಗೈ ಸಹಾಯದಿಂದ ಹಸ್ತವನ್ನು ಮೇಲೆತ್ತಿ, ಎಡಗೈ ಬಿಟ್ಟು, ಐದು ಎಣಿಸುವಷ್ಟು ನಿಧಾನವಾಗಿ ಕೆಳಗಿಳಿಸಬೇಕು. ಹದಿನೈದು ಸಲ, ಮೂರು ಸುತ್ತು, ದಿನಾ. ಇದಕ್ಕೆ ಎಕ್ಸೆಂಟ್ರಿಕ್ ವ್ಯಾಯಾಮ ಅಂತಾರೆ. ರಬ್ಬರಿನ ದಪ್ಪ ಕೋಲು ತಿರುಚಿ ನಿಧಾನವಾಗಿ ಬಿಡುವ ಇನ್ನೊಂದು ವಿಧಾನವೂ ಇದೆ. ಮಾಡುವಾಗ ಸ್ವಲ್ಪ ನೋಯಬಹುದು, ಹತ್ತರಲ್ಲಿ ಮೂರರಷ್ಟು. ಮಾರನೇ ದಿನಕ್ಕೂ ಆ ನೋವು ಉಳಿದರೆ ಭಾರ ಜಾಸ್ತಿಯಾಯಿತು ಅಂತ ಅರ್ಥ.

ಇದರ ಜೊತೆಗೆ ಮೊಣಕೈ ಪಟ್ಟಿ. ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತೆ. ಅವ್ವ ಅದನ್ನು ನೋಯುವ ಎಲುಬಿನ ಮೇಲೇ ಕಟ್ಟಿಕೊಂಡಿದ್ದಳು. ಅಲ್ಲಿ ಅಲ್ಲ, ಎರಡು ಬೆರಳು ಕೆಳಗೆ, ಸ್ನಾಯುವಿನ ಮೇಲೆ. ಎಳೆತದ ಸ್ವಲ್ಪ ಭಾಗವನ್ನು ಪಟ್ಟಿ ಅಲ್ಲೇ ತಡೆಯುತ್ತೆ. ಕೆಲಸ ಮಾಡುವಾಗ ಮಾತ್ರ, ಮಲಗುವಾಗ ಬಿಚ್ಚಬೇಕು. ನೋವಿನ ಜೆಲ್ ಸ್ವಲ್ಪ ದಿನ ಹಚ್ಚಿದರೆ ತಾತ್ಕಾಲಿಕ ಆರಾಮ. ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡಬಹುದು. ಕಾಕುವಿನ ಬಿಸಿ ಶಾಖಕ್ಕೂ ಫಿಸಿಯೋಥೆರಪಿಸ್ಟ್ ಬೇಡ ಅನ್ನಲಿಲ್ಲ, “ಹಿತಾ ಅನಿಸಿದ್ರ ಮಾಡ್ರಿ, ಆದ್ರ ಅದರಿಂದ ವಾಸಿ ಆಗೂದಿಲ್ಲ” ಅಂದರು. ಶಾಕ್‌ವೇವ್, ಅಲ್ಟ್ರಾಸೌಂಡ್, ಲೇಸರ್ ಮಷಿನ್‌ಗಳ ಬಗ್ಗೆ ಕೇಳಿದೆ. ಕೆಲವು ಅಧ್ಯಯನ ಉಪಯೋಗ ಇದೆ ಅನ್ನುತ್ತವೆ, ಕೆಲವು ಇಲ್ಲ ಅನ್ನುತ್ತವೆ, ಮೊದಲು ಇಷ್ಟು ಮಾಡಿ ಅಂದರು.

ಬಾಟಲಿ ಸಿಕ್ಕಿತು, ಪಟ್ಟಿ ಸಿಕ್ಕಿತು. ಹಾಲು ಹಿಂಡುವ ಕೈ?

ಇಲ್ಲೊಂದು ಒಪ್ಪಿಕೊಳ್ಳೋಕೆ ಕಷ್ಟವಾದ ಮಾತು. ಮನೆಯಲ್ಲಿ ಯಾರೂ ಮೀಟಿಂಗ್ ಮಾಡಲಿಲ್ಲ, ಯಾರೂ ಯಾರಿಗೂ ಹೇಳಲಿಲ್ಲ. ಆದರೆ ಮೊದಲ ವಾರದಲ್ಲೇ ಅವ್ವನ ಕೆಲಸ ಪೂರ್ತಿ ತಂಗಿಯ ಮೇಲೆ ಹೋಗಿ ಕೂತಿತು. ನೀರು ಇಳಿಜಾರಿಗೆ ಹರಿದ ಹಾಗೆ. ಬಟ್ಟೆ, ರೊಟ್ಟಿ, ಬೆಳಗಿನ ಹಾಲು. ಅವಳಿಗೆ ಫಸ್ಟ್ ಪಿಯುಸಿ ಪರೀಕ್ಷೆ ಇತ್ತು. ನಾನು ಅವ್ವನ ವ್ಯಾಯಾಮಕ್ಕೆ ಎಕ್ಸೆಲ್ ಶೀಟ್ ಮಾಡುತ್ತಾ ಕೂತಿದ್ದೆ. ಒಂದು ಸಂಜೆ ತಂಗಿ ಹಾಲಿನ ಪಾತ್ರೆ ತಂದು ನನ್ನ ಲ್ಯಾಪ್‌ಟಾಪ್ ಪಕ್ಕ ಕುಕ್ಕಿದಳು.

“ಅಣ್ಣಾ, ನಿನಗೂ ಎರಡ ಕೈ ಅದಾವಲ್ಲೋ. ಇಲ್ಲಾ ಅವನ್ನೂ ಕಾಲೇಜಿಗೆ ಫೀ ಕಟ್ಟಿ ಇಟ್ಟಬಂದೀಯೇನು?”

ನಾನು ಉತ್ತರ ಹುಡುಕಿದೆ. ಅಸೈನ್ಮೆಂಟ್ ಇದೆ ಅನ್ನಬಹುದಿತ್ತು. ನಿಜವಾಗಲೂ ಇತ್ತು. ಆದರೆ ಅವಳ ಕೈ ನೋಡಿದೆ. ಬಲಗೈಯನ್ನು ಜಾಡಿಸುತ್ತಿದ್ದಳು, ಅವ್ವ ಜಾಡಿಸುತ್ತಿದ್ದ ಹಾಗೇ.

ಮಾರನೇ ಬೆಳಿಗ್ಗೆ ಐದಕ್ಕೆ ಎದ್ದು ಕೊಟ್ಟಿಗೆಗೆ ಹೋದೆ. ದೊಡ್ಡ ಎಮ್ಮೆ ನನ್ನನ್ನು ನೋಡಿದ ರೀತಿ ವೈವಾ ಎಕ್ಸ್‌ಟರ್ನಲ್ ನೋಡಿದ ಹಾಗಿತ್ತು. ಹಿಂಡಿ ಇಟ್ಟೆ, ಕರು ಬಿಟ್ಟೆ, ಕೆಚ್ಚಲು ತೊಳೆದೆ, ಯೂಟ್ಯೂಬ್‌ನಲ್ಲಿ ನೋಡಿದ ಹಾಗೆ ಕೂತೆ. ಹಾಲು ಇಳಿಸಲೇ ಇಲ್ಲ. ಎಮ್ಮೆ ಹೆದರಿದರೆ, ಗೊತ್ತಿಲ್ಲದ ಕೈ ಬಿದ್ದರೆ, ಹಾಲನ್ನು ಎತ್ತಿ ಹಿಡಿಯುತ್ತೆ. ಅವ್ವ ಬಂದು ಎದುರಿಗೆ ನಿಂತು ಅದರ ಕುತ್ತಿಗೆ ಕೆರೆದು ಏನೋ ಮಾತಾಡಿದ ಮೇಲೆ ಸ್ವಲ್ಪ ಇಳಿಸಿತು. ಇಪ್ಪತ್ತೈದು ನಿಮಿಷದಲ್ಲಿ ನಾನು ಹಿಂಡಿದ್ದು ಮುಕ್ಕಾಲು ಲೀಟರ್. ಅಷ್ಟಕ್ಕೆ ನನ್ನ ಮುಂಗೈ ಕಲ್ಲಾಗಿತ್ತು. ಆ ದಿನ ಲ್ಯಾಬ್‌ನಲ್ಲಿ ಪೆನ್ನು ಹಿಡಿದರೆ ಕೈ ನಡುಗುತ್ತಿತ್ತು. ಜಿಮ್‌ನಲ್ಲಿ ಡಂಬೆಲ್ ಎತ್ತುವ ಕೈ ಇದು!

ಒಂದು ತಿಂಗಳು ಹೀಗೇ ಹೋಯಿತು. ಡೇರಿಗೆ ಹಾಕುವ ಹಾಲು ಕಡಿಮೆಯಾಯಿತು, ಅಂದರೆ ದುಡ್ಡೂ ಕಡಿಮೆ. ಅಪ್ಪ ಒಂದೆರಡು ದಿನ ಸಿಟ್ಟಾದ. ಆಮೇಲೆ ಶಿಫ್ಟ್ ಮುಗಿಸಿ ಬಂದು ಬಟ್ಟೆ ಹಿಂಡಲು ಶುರು ಮಾಡಿದ, ಬಾಗಿಲು ಹಾಕಿಕೊಂಡು, ಓಣಿಯವರು ನೋಡಬಾರದು ಅಂತ. ಮೇ ತಿಂಗಳ ಹೊತ್ತಿಗೆ ಬಾಗಿಲು ತೆರೆದೇ ಇರುತ್ತಿತ್ತು.

ಅವ್ವನ ಕೈ ಎಷ್ಟು ಸುಧಾರಿಸಿತು ಅಂತ ನೋಡೋಕೆ ನಾನು ಒಂದು ಉಪಾಯ ಮಾಡಿದೆ. ಬ್ಯಾಗ್ ತೂಕ ಮಾಡುವ ಹುಕ್ ಇರುವ ಸಣ್ಣ ತಕ್ಕಡಿ ತಂದು, ಕೆಳಗಿನ ಹುಕ್ಕನ್ನು ಗೂಟಕ್ಕೆ ಕಟ್ಟಿದೆ. ವಾರಕ್ಕೊಮ್ಮೆ, ಕೈ ಚಾಚಿ, ಅಂಗೈ ಕೆಳಗೆ ಮಾಡಿ, ನೋವು ಶುರುವಾಗುವ ತನಕ ಎಳೆಯೋದು. ಮಾರ್ಚ್‌ನಲ್ಲಿ ಒಂದೂವರೆ ಕಿಲೋ. ಐದು ವಾರ ಗ್ರಾಫ್ ಅಲ್ಲಾಡಲೇ ಇಲ್ಲ. ಅವ್ವ “ಈ ಬಾಟ್ಲಿ ಆಟ ಸಾಕೋ” ಅನ್ನತೊಡಗಿದಳು. ಏಪ್ರಿಲ್ ಕೊನೆಗೆ ಎರಡು ಕಿಲೋ. ಮೇ ತಿಂಗಳಲ್ಲಿ ಅತ್ತೆಯ ಮಗಳ ನಿಶ್ಚಿತಾರ್ಥ, ಮನೆ ತುಂಬಾ ಬೀಗರು. ಬೇಡ ಬೇಡ ಅಂದರೂ ಅವ್ವ ಎರಡು ದಿನ ರೊಟ್ಟಿ ಬಡಿದಳು. “ಮಂದಿ ಏನಂದಾರು?” ಅಂತ. ಗ್ರಾಫ್ ಒಂದು ಕಿಲೋಗೆ ಬಿತ್ತು. ಆ ರಾತ್ರಿ ಅವಳು ಕತ್ತಲಲ್ಲಿ ಕೂತು ಅಳುವುದನ್ನು ನೋಡಿದೆ. ನೋವಿಗೆ ಅಳುತ್ತಿದ್ದಾಳೆ ಅಂದುಕೊಂಡು ಜೆಲ್ ತಂದೆ. “ನೋವಿಗಲ್ಲೋ” ಅಂದಳು. “ಕೈ ಹಿಂಗ ಆದ್ರ ನಾ ಈ ಮನ್ಯಾಗ ಯಾತಕ್ಕ ಬೇಕು?”

ಆ ಪ್ರಶ್ನೆಗೆ ನನ್ನ ಎಕ್ಸೆಲ್ ಶೀಟ್‌ನಲ್ಲಿ ಕಾಲಮ್ ಇರಲಿಲ್ಲ. ಬೇಕು ಅವ್ವಾ ಅಂತ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಜೆಲ್ ಹಚ್ಚಿ ಬಂದು ಮಲಗಿದೆ. ನಾವು ಇಷ್ಟು ವರ್ಷ ಅವಳಿಗೆ ಕೆಲಸ ಕೊಟ್ಟೇ ಮಾತಾಡಿಸಿದ್ದೇವಲ್ಲ, ಕೆಲಸ ಕಿತ್ತುಕೊಂಡ ಮೇಲೆ ಏನು ಮಾತಾಡಬೇಕು ಅಂತ ನಮಗೂ ಗೊತ್ತಿರಲಿಲ್ಲ. ಈಗ ಬೆಳಿಗ್ಗೆ ನಾನು ಹಾಲು ಹಿಂಡುವಾಗ ಅವಳು ಎದುರಿಗೆ ಕಲ್ಲಿನ ಮೇಲೆ ಕೂತು, ಬಾಟಲಿ ಇಳಿಸುತ್ತಾ, ತನ್ನ ತವರಿನ ಕಥೆ ಹೇಳುತ್ತಾಳೆ. ಖಾನಾಪುರದ ಕಡೆ ಇಟ್ಟಿಗೆ ಭಟ್ಟಿಯಲ್ಲಿ ಅವಳ ಅಪ್ಪ ದುಡಿಯುತ್ತಿದ್ದದ್ದು, ಅವರ ಕೈಯೂ ಕೊನೆಗೆ ಹೀಗೇ ಆಗಿದ್ದದ್ದು, ಅದಕ್ಕೆ ಯಾರೂ ಏನೂ ಹೆಸರು ಹೇಳದೇ ಇದ್ದದ್ದು.

ಜುಲೈನಲ್ಲಿ ಗ್ರಾಫ್ ಮೂರೂವರೆ ಕಿಲೋಗೆ ಬಂತು. ಈಗ ಐದು. ಎಡಗೈಯಲ್ಲಿ ಎಂಟು ಎಳೆಯುತ್ತಾಳೆ, ಅಲ್ಲಿಯವರೆಗೆ ಇನ್ನೂ ದೂರ ಇದೆ. ಬೀಗ ತಿರುಗಿಸುತ್ತಾಳೆ, ದಿನಕ್ಕೆ ಹತ್ತು ರೊಟ್ಟಿ ಬಡಿಯುತ್ತಾಳೆ, ಉಳಿದದ್ದು ನಾನೂ ತಂಗಿಯೂ. ನನ್ನ ರೊಟ್ಟಿ ಗೋವಾ ನಕ್ಷೆ ಥರ ಬರುತ್ತೆ, ಇರಲಿ. ಸಂಜೆಯ ಸಣ್ಣ ಎಮ್ಮೆಯನ್ನು ಅವಳೇ ಹಿಂಡುತ್ತಾಳೆ. ದೊಡ್ಡದು ನನ್ನದು.

ಓದುವ ನಿಮಗೆ ಒಂದೆರಡು ಮಾತು. ಮೊಣಕೈಯ ಹೊರಬದಿ ನೋಯುತ್ತಿದ್ದರೆ, ಅಂಗೈ ಕೆಳಗೆ ಮಾಡಿ ಕುರ್ಚಿ ಎತ್ತಿದಾಗ ಅಲ್ಲೇ ಹಿಡಿದುಕೊಂಡರೆ, ಅದು ಟೆನಿಸ್ ಎಲ್ಬೊ ಇರಬಹುದು. ಬೆರಳು ಜೋಮು ಹಿಡಿದರೆ, ಬಾವು ಅಥವಾ ಜ್ವರ ಇದ್ದರೆ, ಬಿದ್ದು ಪೆಟ್ಟಾಗಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಮೊದಲ ದಿನವೇ ಇಂಜೆಕ್ಷನ್ ಅಂದರೆ ಒಂದು ಪ್ರಶ್ನೆ ಕೇಳಿ: ವ್ಯಾಯಾಮದಿಂದ ಆಗುತ್ತಾ, ಎಷ್ಟು ತಿಂಗಳು? ತಿಂಗಳುಗಳ ಲೆಕ್ಕವನ್ನೇ ಹೇಳ್ತಾರೆ. ಅದು ನಿಜವೇ. ಆ ತಿಂಗಳುಗಳಲ್ಲಿ ಆ ಕೈಯ ಕೆಲಸ ಯಾರು ಮಾಡ್ತಾರೆ ಅನ್ನೋದನ್ನು ಯಾವ ಚೀಟಿಯಲ್ಲೂ ಬರೆದುಕೊಡಲ್ಲ. ಹಾಸ್ಟೆಲ್‌ನಲ್ಲಿರುವವರು ಈ ಸಲ ಊರಿಗೆ ಹೋದಾಗ, ಹೊಲಸು ಬಟ್ಟೆಯ ಬ್ಯಾಗ್ ಕೆಳಗಿಡುವ ಮೊದಲು, ಅವ್ವನ ಕೈಗೆ ಒಂದು ತುಂಬಿದ ಪಾತ್ರೆ ಕೊಟ್ಟು ಮುಖ ನೋಡಿ. ಬಾಯಿಬಿಟ್ಟು ಹೇಳಲ್ಲ ಅವರು.

ಮೊನ್ನೆ ಭಾನುವಾರ ಹಿಂಡುತ್ತಾ ಕೂತಿದ್ದೆ. ಆತುರದಲ್ಲಿ ಹೆಬ್ಬೆರಳು ಮಡಚಿ ಜೋರಾಗಿ ಎಳೆಯುತ್ತಿದ್ದೆ. ಅವ್ವ ಕಲ್ಲಿನ ಮೇಲಿಂದಲೇ ಕೂಗಿದಳು:

“ಏ, ಹೆಬ್ಬಟ್ಟ ಮಡಚಬ್ಯಾಡೋ. ಪೂರಾ ಅಂಗೈ ಹಚ್ಚಿ ಹಿಡಿ, ಸಾವಕಾಶ ಹಿಂಡು. ಇಲ್ಲಂದ್ರ ನಿನಗೂ ಟೆನಿಸ್ ಬರ್ತೈತಿ.”